ಇನ್ನೂ ಯಾರರೇ ಉಣ್ಣಾಕತ್ತಾರೇನು?

ಪಾಸಾತ್ರೀ! ನಮ್ಮ ಭಾಗ್ಯಾ ಮಾಡಿದ ರಿಪೇರಿ ಪಾಸಾತು! ಜಗತ್ತಿನಾಗ ಎಲ್ಲೆಲ್ಲಿ ಆ ನಮೂನಿ ಕಂಪ್ಯೂಟರ್ ಅದಾವೋ ಅಲ್ಲೆಲ್ಲಾ ಇನ್ನ ಮ್ಯಾಲ ನನ್ನ ಮೊಮ್ಮಗಳ ಕೈಕೆಲಸ ಇರ್ತದಂತ. ಮುಂಜಾನಿ ರೊಟ್ಟಿ ಬಡಿಯಾಕತ್ತಿದ್ದೆ. ಆಕಿ ಫೋನ್ ಹಿಡಕೊಂಡು ಅಡಗಿಮನಿಗೆ ಓಡಿ ಬಂದು, "ಅಜ್ಜೀ, ತೊಗೊಂಡ್ರು! ತೊಗೊಂಡ್ರು!" ಅಂತ ನನ್ನ ಹಿಟ್ಟಿನ ಕೈ ಹಿಡದು ಕುಣದಳು. ನಾನೂ ಕುಣದೆ. ಈ ಮಣಕಾಲಾಗ ಕುಣ್ಯಾಕ ಬರ್ತದಂತ ನನಗ ಗೊತ್ತಿದ್ದಿಲ್ಲ. ಹಂಚಿನ ಮ್ಯಾಲಿನ ರೊಟ್ಟಿ ಸುಟ್ಟು ಕರ್ರಗಾತು. ಸುಡ್ಲಿ ಬಿಡ್ರಿ, ಇವತ್ತ ಸುಟ್ಟದ್ದೂ ಚಂದ.

"ಏನಂತ ಬರದಾರ ಆ ಕಂಪ್ಯೂಟರ್ ಮಂದಿ?" ಅಂದೆ.

"ತೊಗೊಂಡೀವಿ, ಥ್ಯಾಂಕ್ಸ್ ಅಂತ."

"ಇಷ್ಟ?"

"ಅವರು ಇಷ್ಟು ಬರದ್ರ ಬಹಳ, ಅಜ್ಜೀ."

ಅಷ್ಟು ಅಂದು ಆಕಿ ಬಾಗಲಾಚೆ ಮೂಲ್ಯಾಗಿನ ಟೇಬಲ್ ಕಡೆ ನೋಡಿದ್ಲು. ನನಗೂ ಗೊತ್ತಾತು ಯಾಕಂತ. ಈ ಸುದ್ದಿ ಎಲ್ಲಾರಿಗಿಂತ ಮೊದಲ ಕೇಳಬೇಕಾದವರು ನಮ್ಮ ಸರ್. ಅವರು ಈಗಿಲ್ಲ. ಆ ಕೆಲಸ ಸುರು ಮಾಡಿದವರು ಅವರು, ಅದು ಮುಗೀಲಿಲ್ಲಂತ ಒಳಗೊಳಗ ಮರುಗಿದವರೂ ಅವರು. ಅದಕ್ಕ ಮಧ್ಯಾಹ್ನದ ಊಟದ ಗದ್ದಲ ಮುಗಿಸಿ, ಸಾಲ್ಯಾಗ ಮೂರನೇತ್ತಾತನ ಕಲತ ಅಕ್ಷರದಾಗ ಅವರ ಬಗ್ಗೆ ಬರ್ಯಾಕ ಕುಂತೀನಿ. ಅವರ ಹೆಸರು ಮಾತ್ರ ಬರಿಯಂಗಿಲ್ಲ. ಯಾಕ ಅನ್ನೋದನ್ನ ಕಡೀಗೆ ಹೇಳ್ತೀನಿ.

ರಾಯಚೂರಾಗ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಯಾಗ ನಮ್ಮ ಖಾನಾವಳಿ. ರೊಟ್ಟಿ ಬಡಿಯೋಕಿ ನಾನು, ಪಲ್ಯ ಮಾಡೋಕಿ ಸೊಸಿ ಸಾವಿತ್ರಿ, ಬಡಸಾವ ಮಗ ಮಲ್ಲಪ್ಪ, ತಾಟ ಎತ್ತಿ ತೊಳಿಯೋಕಿ ಹುಸೇನಮ್ಮ. ಸರ್ ದೇವದುರ್ಗದವರು. ಇಲ್ಲಿ ಡಿಪ್ಲೊಮಾ ಕಾಲೇಜಿನಾಗ ಕಂಪ್ಯೂಟರ್ ಕಲಸ್ತಿದ್ರು. ಲಗ್ನ ಮಾಡಿಕೊಂಡಿದ್ದಿಲ್ಲ. ಎರಡೂ ಹೊತ್ತಿನ ಊಟ ನಮ್ಮಲ್ಲೇ. ಆಯ್ತವಾರ ಒಂದಿನ ಮಾತ್ರ ದೇವದುರ್ಗಕ್ಕ ಅಕ್ಕನ ಮನಿಗೆ ಹೋಗೋರು. ಸೋಮವಾರ ತಿರುಗಿ ಬಂದಾಗ ಆ ಅಕ್ಕ ಕಟ್ಟಿಕೊಟ್ಟ ಗುರೆಳ್ಳ ಚಟ್ನಿಪುಡಿ ನನ್ನ ಮುಂದ ಇಟ್ಟು, "ನಿನ್ನದಕ್ಕಿಂತ ಇದು ರುಚಿ ಅದ ಯವ್ವಾ, ಸಿಟ್ಟಾಗಬ್ಯಾಡ" ಅನ್ನೋರು. ನಾ ಸಿಟ್ಟಾಗತಿದ್ದೆ. ಪುಡಿ ಖರೇನ ರುಚಿ ಇರ್ತಿತ್ತು.

ಬಂದವರು ಬಾಗಲಾಗ ಚಪ್ಪಲಿ ಬಿಟ್ಟು, ಎರಡನ್ನೂ ಒಂದಕ್ಕೊಂದು ಬಡದು ಧೂಳ ಝಾಡಿಸಿ ಇಡೋರು. ಕೈಗಡಿಯಾರ ಬಿಚ್ಚಿ ತಾಟಿನ ಬಾಜೂಕ ಬೋರಲು ಹಾಕೋರು. "ಉಣ್ಣೋವಾಗ ಟೈಮ್ ನೋಡಿದ್ರ ಅನ್ನಕ್ಕ ಅವಮಾನ" ಅಂತಿದ್ರು. ರೊಟ್ಟಿ ಸುತ್ತಲಿಂದ ಮುರಕೊಂಡು ಬಂದು ನಡುವಿನ ತುಣುಕನ್ನ ಕಡೀಗೆ ಉಳಸೋರು. ಆ ತುಣುಕು ಪುಂಡಿಪಲ್ಯಾಕ್ಕ ಮೀಸಲು. ಪುಂಡಿಪಲ್ಯ ಇಲ್ಲದ ದಿನ ಅದನ್ನ ಕೈಯಾಗ ಹಿಡಕೊಂಡು ಅಡಗಿಮನಿ ಕಡೆ ನೋಡತಿದ್ರು ನೋಡ್ರಿ, ಬಸ್‌ಸ್ಟ್ಯಾಂಡಿನಾಗ ತಾಯಿನ್ನ ತಪ್ಪಿಸಿಕೊಂಡ ಕೂಸಿನಂಗ!

ಹೊಗಳಿಕಿ ಮಾತ್ರ ಅವರ ಬಾಯಾಗ ಇದ್ದಿಲ್ಲ. ಏನ ಕೊಟ್ಟರೂ, ಯಾರು ಎಂಥಾ ಕೆಲಸ ಮಾಡಿದರೂ "ನಡೀತದ" ಅನ್ನೋದ ಅವರ ದೊಡ್ಡ ಮಾತು. ಒಮ್ಮೆ ಹೋಳಿಗಿ ಬಡಿಸಿದ್ದಕ್ಕೂ "ನಡೀತದ" ಅಂದ್ರು. ಹುಸೇನಮ್ಮ ಬಿಡ್ತಾಳೇನು? "ನಡೀತದಂತ! ನಡಕೊಂತ ಎಲ್ಲಿಗೆ ಹೋಗತದ್ರೀ ಸರ್ ನಿಮ್ಮ ಹೋಳಿಗಿ, ಮಾನ್ವಿಗೇನು?" ಅಂದ್ಲು. ಸರ್ ಬಾಯಾಗಿನ ತುತ್ತು ಹೊರಗ ಬರೋಹಂಗ ನಕ್ಕರು. ಅವರು ನಕ್ಕರ ಹೆಗಲಷ್ಟ ಕುಣೀತಿದ್ದವು, ಸಪ್ಪಳ ಇರ್ತಿದ್ದಿಲ್ಲ.

ನಮ್ಮ ಭಾಗ್ಯಾ ಮಲ್ಲಪ್ಪನ ಮಗಳು. ಸಣ್ಣಾಕಿ ಇದ್ದಾಗ ಸಾಲಿ ಬಿಟ್ಟ ಮ್ಯಾಲ ಖಾನಾವಳ್ಯಾಗ ಮೂಲಿ ಟೇಬಲ್ ಹಿಡಕೊಂಡು ಓದತಿದ್ಲು. ಸರ್ ಉಂಡು ಕೈ ತೊಳಕೊಂಡು ಆಕಿ ಎದುರಿಗೆ ಕೂಡತಿದ್ರು. ಉತ್ತರ ಅಂತ ಏನೂ ಹೇಳತಿದ್ದಿಲ್ಲ. "ನೀ ಏನು ನೋಡಿದಿ, ಅದನ್ನ ಹೇಳು. ನಿನಗ ಏನು ಅನಸ್ತು ಅನ್ನೋದನ್ನ ಆಮ್ಯಾಲ ಕೇಳ್ತೀನಿ" ಅನ್ನೋರು. ಆಕಿ ಅಳೋತನಕ ಇದ ಮಾತು. ನಾ ಒಮ್ಮೆ ಒಳಗಿಂದ, "ಹೇಳಿಕೊಟ್ಟರ ನಿಮ್ಮ ಗಂಟೇನು ಹೋಗತದ್ರೀ?" ಅಂತ ಕೂಗಿದೆ. "ಯವ್ವಾ, ನೀ ರೊಟ್ಟಿ ಬಡಿಯೋದನ್ನ ಯಾರ ಬಾಯಿ ಮಾತಿನಿಂದ ಕಲತಿ?" ಅಂದ್ರು. ನಾ ಮುಂದಿನ ಹಿಟ್ಟಿನ ಉಂಡಿ ತೊಗೊಂಡು ಬಡಿಯಾಕತ್ತಿದೆ. ಮುಂದ ಭಾಗ್ಯಾ ಅವರ ಕಾಲೇಜಿಗೇ ಹೋದ್ಲು. ಈಗ ಇಲ್ಲೇ ರಾಯಚೂರಾಗ, ಮಿಲ್‌ಗಳಿಗೆ ಕಂಪ್ಯೂಟರ್ ಕೂಡಿಸಿಕೊಡೋ ಒಂದು ಸಣ್ಣ ಆಫೀಸಿನಾಗ ಅದಾಳ.

ಇನ್ನ ಆ ಕಂಪ್ಯೂಟರಿನ ರೋಗದ ಸುದ್ದಿ. ಮಾನ್ವ್ಯಾಗ ಒಂದು ಅಕ್ಕಿ ಗಿರಣಿ. ಗಿರಣಿಯವ ಸರ್ ಕೈಯಾಗ ಓದಿದಾವ. ಅಲ್ಲಿ ಚೀಲ ತೂಗೋ ಯಂತ್ರದಿಂದ ಕಂಪ್ಯೂಟರಿಗೆ ಒಂದು ತಂತಿ, ನಡುವ ಒಂದು ಸಣ್ಣ ಡಬ್ಬಿ. ಲಾರಿ ಬಂದು ನೆಲ ಅದುರಿದ್ರ ತಂತಿ ಸಡ್ಲ ಆಗಿ ಕಳಚತಿತ್ತು. ಕಳಚಿದ್ರ ತೂಕ ಬರಬಾರದು ಅಷ್ಟ. ಆದರ ಇಡೀ ಕಂಪ್ಯೂಟರ ಕಲ್ಲಾಗಿ ಕೂಡತಿತ್ತು. ದಿನಾ ಅಲ್ಲ, ಯಾವಾಗೋ ಒಮ್ಮೆ. ಹೊರಗ ಬಿಸಿಲಾಗ ಲಾರಿ ಸಾಲು, ಚೀಲ ಹೊತ್ತ ಹಮಾಲರು ಅಲ್ಲೇ ನಿಂತು ಬೈತಿದ್ರು. ರಿಪೇರಿಗೆ ಬಂದವರೆಲ್ಲಾ "ಆಫ್ ಮಾಡಿ ಆನ್ ಮಾಡ್ರಿ" ಅಂತ ಹೇಳಿ ಹೋದ್ರಂತ. ಆ ಮಾತು ಕೇಳಿದ್ರ ಸರ್‌ಗೆ ಮೈಯೆಲ್ಲಾ ಉರೀತಿತ್ತು. "ಜ್ವರ ಬಂದವನಿಗೆ ಮಲಗಿ ಎದ್ದೇಳು ಅಂದ್ರ ಜ್ವರ ಬಿಡ್ತದೇನ್ಲೇ?" ಅಂತ ಫೋನಿನಾಗ ಗಿರಣಿಯವನಿಗೆ ಝಾಡಿಸಿದ್ರು.

ಆ ಡಬ್ಬಿ, ತಂತಿ, ಒಂದು ಸಣ್ಣ ತೂಕದ ಯಂತ್ರ, ಒಂದು ಹಳೇ ಕಂಪ್ಯೂಟರ್ ಎಲ್ಲಾ ತಂದು ನಮ್ಮ ಮೂಲಿ ಟೇಬಲ್ ಮ್ಯಾಲ ಹೂಡಿದ್ರು. ಊಟದ ಗದ್ದಲ ಇಳದ ಮ್ಯಾಲ ತಂತಿ ಕೀಳೋದು, ಹಾಕೋದು, ಕೀಳೋದು, ಹಾಕೋದು. ಉಣ್ಣಾಕ ಬಂದವರು, "ಏನ್ರೀ ಸರ್, ಕೂಸಿನ ಗತೆ ತಕ್ಕಡಿಗೂ ಹಾಲು ಬಿಡಸಾಕತ್ತೀರೇನು?" ಅಂತ ಕಾಡತಿದ್ರು. ನಾ ಕೇಳಿದ್ದಕ್ಕ ಸರ್ ಹೇಳಿದ್ರು: "ಕಂಪ್ಯೂಟರಿನೊಳಗೂ ಒಂದು ಖಾನಾವಳಿ ಅದ ಯವ್ವಾ. ಒಳಗ ದುಡಿಯೋ ಒಂದೊಂದಕ್ಕೂ ಜಾಗಾ ಬೇಕು. ಯಾರಿಗೆ ಎಲ್ಲಿ ಜಾಗಾ, ಯಾರು ಎದ್ರು, ಖಾಲಿ ಆದ ಜಾಗಾ ಮತ್ಯಾರಿಗೆ, ಇದನ್ನೆಲ್ಲಾ ನೋಡಿಕೊಳ್ಳೋದಕ್ಕ ಕರ್ನೆಲ್ ಅಂತಾರ."

"ಹಂಗಾದ್ರ ಇಲ್ಲಿ ಕರ್ನೆಲ್ ನಾನಾ?"

"ಮತ್ತ? ನೀನ!"

ಅವತ್ತಿನಿಂದ "ಕರ್ನೆಲ್ ಯವ್ವಾ, ಇನ್ನೊಂದು ರೊಟ್ಟಿ" ಅಂತ ಕೂಗೋರು. ಗಲ್ಲಿ ತುಂಬ ನನಗ ಅದ ಹೆಸರಾತು.

ನಮ್ಮ ಖಾನಾವಳ್ಯಾಗ ಒಂದು ಪದ್ಧತಿ ಅದ. ಅರ್ಧ ಉಂಡು ಯಾರರೇ ಎದ್ದು ಹೊರಗ ಹೋದ್ರ ತಾಟಿನ ಮ್ಯಾಲ ಒಂದು ಕಟಕರೊಟ್ಟಿ ಮುಚ್ಚಿ ಹೋಗಬೇಕು. ರೊಟ್ಟಿ ಮುಚ್ಚಿದ ತಾಟನ್ನ ಹುಸೇನಮ್ಮ ಮುಟ್ಟಂಗಿಲ್ಲ. ಒಂದಿನ ಒಬ್ಬ ಲಾರಿ ಡ್ರೈವರ್ ಫೋನ್ ಬಂತಂತ ರೊಟ್ಟಿ ಮುಚ್ಚಿ ಹೊರಗ ಹೋದ. ಬಾಜೂಕ ಕುಂತಾವ ಒಬ್ಬ ಗಟ್ಟಿ ಉಣ್ಣೋ ಮನಷ್ಯಾ, ಆ ರೊಟ್ಟಿ ಹೆಚ್ಚಾಗಿ ಬಿಟ್ಟದ್ದಂತ ತಿಳದು ಎತ್ತಿ ಕಟಕಟ ತಿಂದ. ಹುಸೇನಮ್ಮ ನೋಡಿದ್ಲು: ಮುಚ್ಚಿಲ್ಲ, ಮನಷ್ಯಾ ಇಲ್ಲ. ತಾಟ ಎತ್ತಿದ್ಲು. ಆ ಜಾಗಾಕ್ಕ ಲಗ್ನದ ಕಾರ್ಡ್ ಹಂಚಾಕ ಬಂದಿದ್ದ ಒಬ್ಬ ಯಜ್ಜ ಬಂದು ಕುಂತ. ಮಲ್ಲಪ್ಪ ಹೊಸಾ ತಾಟಿಟ್ಟು ಎಣ್ಣಿಬದನಿಕಾಯಿ ಬಡಿಸಿದ. ಅಷ್ಟರಾಗ ಡ್ರೈವರ್ ಫೋನ್ ಕಿವಿಗೆ ಹಚ್ಚಿಕೊಂಡ ತಿರುಗಿ ಬಂದ. ಲಕ್ಷ್ಯ ಎಲ್ಲಾ ಫೋನಿನಾಗ. ನಿಂತಲ್ಲೇ ಬಾಗಿ ಯಜ್ಜನ ತಾಟಿನಾಗಿಂದ ಬದನಿಕಾಯಿ ಎತ್ತಿ ಬಾಯಿಗೆ ಹಾಕ್ಕೊಂಡ!

"ಏನೋ ತಮ್ಮಾ, ನನ್ನ ತಾಟಿನಾಗ ನಿನ್ನ ಕೈಯಿಂದೇನು ಕೆಲಸ?" ಅಂತ ಯಜ್ಜ ಗುಡುಗಿದ.

"ಇದು ನನ್ನ ತಾಟ! ನೀ ಯಾವಾಗ ಬಂದು ಕುಂತಿ?"

"ನಿನ್ನ ತಾಟಾದ್ರ ಇದರಾಗ ನಾ ಯಾಕ ಉಣ್ಣಾಕತ್ತೀನೋ?"

ಆ ಜಗಳದಾಗ ಸಾರಿನ ಬಟ್ಟಲ ಉಳ್ಳಿತು, ಲಗ್ನದ ಕಾರ್ಡೆಲ್ಲಾ ಹಳದಿ ಆದವು. ಸರ್ ಹೆಗಲು ಕುಣಿಸಿ ನಗಾಕತ್ತಿದ್ದವರು ಒಮ್ಮಿಂದೊಮ್ಮೆ ನಗು ನಿಲ್ಲಿಸಿದ್ರು. ಎಂಜಲ ಕೈಯಾಗ ಎದ್ದು ನಿಂತು, "ಭಾಗ್ಯಾ! ಬಾ ಇಲ್ಲಿ. ಮಾನ್ವ್ಯಾಗ ಆಗಾಕತ್ತಿದ್ದು ಇದ ನೋಡ!" ಅಂದ್ರು. ರೊಟ್ಟಿ ನಡುವಿನ ತುಣುಕು ತಾಟಿನಾಗ ಹಂಗ ಉಳೀತು. ಅವರು ಅದನ್ನ ಬಿಟ್ಟು ಎದ್ದದ್ದು ನಾ ಕಂಡಂಗ ಅದೊಂದ ಸಲ.

ಅವರು ಆಕಿಗೆ ಹೇಳಿದ್ದನ್ನ ನಾ ಹಿಂಗ ತಿಳಕೊಂಡೀನಿ. ತಂತಿ ಕಳಚಿದ ಕೂಡಲೇ ಒಳಗಿನ ಪ್ರೋಗ್ರಾಂ ತಾಟ ಎತ್ತಿಬಿಡ್ತದ, ಜಾಗಾ ಖಾಲಿ ಅಂತ ಕರ್ನೆಲ್‌ಗೆ ಒಪ್ಪಿಸ್ತದ. ಆದರ ತೂಕ ಎಷ್ಟಾತಂತ ಕೇಳಾಕ ಹೋದ ಒಬ್ಬಾವ ಇನ್ನೂ ತಿರುಗಿ ಬಂದಿರಂಗಿಲ್ಲ. ಅವ ಬರೋದ್ರಾಗ ಆ ಜಾಗಾದಾಗ ಬ್ಯಾರೆಯವರು ಕುಂತಿರ್ತಾರ. ಅವ ಹಳೇ ಜಾಗಾನ ಅಂತ ಕೈ ಹಾಕ್ತಾನ. ಎಲ್ಲಾ ಕಲಸಮೇಲೋಗರ ಆಗಿ ಕಂಪ್ಯೂಟರ್ ಕಲ್ಲಾಗತದ. ಅವ ಜಲ್ದಿ ಬಂದ್ರ ಏನೂ ಆಗಂಗಿಲ್ಲ. ಅದಕ್ಕ ಯಾವಾಗೋ ಒಮ್ಮೆ ಅಷ್ಟ ಆಗತಿತ್ತು. ಯೂಸ್ ಆಫ್ಟರ್ ಫ್ರೀ ಅಂತಾರ ಅದಕ್ಕ. ಬಿಟ್ಟುಕೊಟ್ಟ ಜಾಗಾದಾಗ ಮತ್ತ ಕೈ ಹಾಕೋದು.

ಅಂದಿನಿಂದ ಭಾಗ್ಯಾ ಏನ ಬರದು ತೋರಿಸಿದರೂ ಸರ್ ಕೇಳೋದು ಒಂದ ಮಾತು: "ತಾಟ ಎತ್ತಾಕತ್ತಿಯಲ್ಲ, ಇನ್ನೂ ಯಾರರೇ ಉಣ್ಣಾಕತ್ತಾರೇನು, ನೋಡಿದೇನು?"

ಆ ಕರ್ನೆಲ್ ಬರದು ನೋಡಿಕೊಳ್ಳೋ ಮಂದಿ ಜಗತ್ತಿನ ತುಂಬ ಅದಾರಂತ; ಸರ್ ಒಂದು ರಿಪೇರಿ ಬರದು ಅವರಿಗೆ ಕಳಿಸಿದ್ರು. ಕೈ ಹಾಕೋಕಿಂತ ಮೊದಲ ಜಾಗಾ ನಿನ್ನದ ಅದನೋ ಇಲ್ಲೋ ನೋಡು ಅಂತ ಅದರಾಗ ಹೇಳಿದ್ರಂತ. ಅದು ತಿರುಗಿ ಬಂತು. ನೋಡೋದಕ್ಕೂ ಕೈ ಹಾಕೋದಕ್ಕೂ ನಡುವ ಒಂದು ರೆಪ್ಪಿ ಬಡಿಯೋ ಹೊತ್ತು ಇರ್ತದ, ಅಷ್ಟರಾಗ ತಾಟ ಎತ್ತಿದ್ರ ಏನು ಮಾಡ್ತೀರಿ ಅಂತ ಕೇಳಿದ್ರಂತ. ಭಾಗ್ಯಾ ಮಾರಿ ಸಣ್ಣದು ಮಾಡಿಕೊಂಡು ಕುಂತ್ಲು. ಸರ್ ಮಾತ್ರ ಖುಷಿಯಿಂದ ಪುಂಡಿಪಲ್ಯ ಎರಡನೇ ಸಲ ಹಾಕಿಸಿಕೊಂಡ್ರು. "ಬೈದಾರ ಅಂದ್ರ ಓದ್ಯಾರವಾ! ಓದದೇ ಯಾರರೇ ಇಷ್ಟು ಚಂದ ಬೈತಾರೇನು?"

ಆಮ್ಯಾಲ ಇನ್ನೊಂದು ಬರದ್ರು. ಹೊರಗ ಹೋದಾವ ತಿರುಗಿ ಬಂದು ಉಂಡು ಏಳೋತನ ಕಾಯೋದು, ಆಮ್ಯಾಲ ತಾಟ ಎತ್ತೋದು. ಸರಿ ಅನಸ್ತು. ಆದರೂ ಮೂಲಿ ಟೇಬಲ್ ಮ್ಯಾಲ ತಂತಿ ಕೀಳ್ತಾ ಕೀಳ್ತಾ ಒಮ್ಮೆ ಮತ್ತ ಕಂಪ್ಯೂಟರ್ ಕಲ್ಲಾತು. ಇನ್ನೂ ಯಾರೋ ಉಳೀತಾರ, ಎಲ್ಲಿಂದ ಬರ್ತಾರ ಅಂತ ಸರ್ ಹುಡುಕಾಕತ್ತಿದ್ರು. ಆಗಲೇ ಅವರ ಎದಿ ಸರಿ ಇದ್ದಿಲ್ಲ. ಮೆಟ್ಟಲ ಹತ್ತಿ ಬಂದ್ರ ಚಪ್ಪಲಿ ಬಡಿಯಾಕೂ ದಮ್ಮಿರ್ತಿದ್ದಿಲ್ಲ. ಎಳ್ಳಮಾಸಿ ಹಬ್ಬಕ್ಕ ಅಕ್ಕನ ಮನಿಗೆ ಹೋಗೋವಾಗ ಕೈಗಡಿಯಾರ ಮರತು ನಮ್ಮ ಟೇಬಲ್ ಮ್ಯಾಲ ಬಿಟ್ಟು, ಬಾಗಲತನ ಹೋಗಿ ತಿರುಗಿ ಬಂದ್ರು. "ಭಾಗ್ಯಾ, ಇದನ್ನ ಅರ್ಧಕ್ಕ ಬಿಡಬಾರದವಾ. ಮಾನ್ವಿ ಒಂದ ಅಲ್ಲ, ಎಲ್ಲೆಲ್ಲಿ ಈ ಡಬ್ಬಿ ಅದಾವೋ" ಅಂದ್ರು. "ಬಂದ ಮ್ಯಾಲ ಮಾಡೋಣಂತ ಹೋಗ್ರಿ ಸರ್" ಅಂದ್ಲು ಈಕಿ. ಅವರು ಬರಲಿಲ್ಲ. ದೇವದುರ್ಗದಿಂದ ಅಕ್ಕನ ಫೋನ್ ಬಂತು.

ಭಾಗ್ಯಾ ಆ ಟೇಬಲ್ ಕಡೆ ನೋಡೋದ ಬಿಟ್ಲು. ಡಬ್ಬಿ ತಂತಿ ಹಂಗ ಇದ್ದವು. ನಾ ಸುತ್ತಲೂ ಒರಸ್ತಿದ್ದೆ, ಅವನ್ನ ಸರಸ್ತಿದ್ದಿಲ್ಲ. ಗಿರಾಕಿ ಎಷ್ಟ ಇದ್ದರೂ ಆ ಟೇಬಲ್‌ಗೆ ಯಾರನ್ನೂ ಕೂಡಸ್ತಿದ್ದಿಲ್ಲ.

ಸರ್ ತೀರಿಕೊಂಡದ್ದರ ದಿನಕರ್ಮದ ಊಟಕ್ಕ ನಾವೆಲ್ಲಾ ದೇವದುರ್ಗಕ್ಕ ಹೋದ್ವಿ. ಅಕ್ಕನ ಮನಿ ಸಣ್ಣದು, ಮಂದಿ ಬಹಳ. ಸರ್ ಕಲಿಸಿದ ಹುಡುಗರು ಲಿಂಗಸೂರು, ಮಾನ್ವಿ, ಶಕ್ತಿನಗರ ಎಲ್ಲಾ ಕಡಿಂದ ಬಂದಿದ್ರು. ಪಂಕ್ತಿ ಮುಗಿಯವಲ್ದು. ಉಣ್ಣೋರು ಬಾಗಲಾಗ ತಮ್ಮವರನ್ನ ಕಂಡು, "ಬಾರೋ, ಇಲ್ಲೇ ಜಾಗಾ ಅದ" ಅಂತ ಕರಿಯೋರು. ಕರದವ ಬಂದು ಕುಂತು ಮತ್ತೊಬ್ಬನ್ನ ಕರಿಯೋವ. ಎಲಿ ಎತ್ತೋರು ನಿಂತು ನಿಂತು ಸಾಕಾದ್ರು. ಒಬ್ಬಾವ ಬ್ಯಾಸತ್ತು ಒಂದು ಎಲಿ ಎತ್ತಿದ, ಅದು ಅವಾಗಷ್ಟ ಕುಂತವನದು. ಆಗ ಅಕ್ಕ ಒಳಗಿಂದ ಬಂದ್ರು. ಸರ್ ಗತೇನ ಎತ್ತರ, ಹಲ್ಲು ಅರ್ಧ ಇಲ್ಲ. "ಏ ತಮ್ಮಾ, ಮೊದಲ ಬಾಗಲ ಹಾಕ್ರಿ. ಒಳಗ ಕುಂತವರು ಸಾವಕಾಶ ಉಣ್ಲಿ. ಎಲ್ಲಾರೂ ಎದ್ದ ಮ್ಯಾಲ ಎಲಿ ಎತ್ತರಿ. ಆಮ್ಯಾಲ ಬಾಗಲ ತಗೀರಿ" ಅಂದ್ರು.

ನನ್ನ ಬಾಜೂಕ ಕುಂತಿದ್ದ ಭಾಗ್ಯಾನ ಕೈಯಾಗಿನ ತುತ್ತು ಅಲ್ಲೇ ನಿಂತಿತು. "ಅಜ್ಜೀ, ನಾವು ಬಾಗಲ ಹಾಕಿದ್ದಿಲ್ಲ" ಅಂದ್ಲು.

"ಯಾವ ಬಾಗಲವಾ? ಖಾನಾವಳಿ ಕೀಲಿ ನಾನ ಹಾಕೀನಿ."

"ಅದಲ್ಲ. ತೂಕ ಕೇಳಾಕ ಹೋದಾವ ತಿರುಗಿ ಬಂದು ಏಳೋಕಿಂತ ಮೊದಲ ಇನ್ನೊಬ್ಬನ್ನ ಕಳಸ್ತಾನ. ಸರ್ ಒಬ್ಬನ್ನ ಕಾದ್ರು, ಅವ ಕಳಿಸಿದವನನ್ನ ಕಾಯಲಿಲ್ಲ!" ಅಂತ ಅಂದಾಕಿ ಅಲ್ಲೇ ಅತ್ಲು. ಸರ್ ಹೋದ ಮ್ಯಾಲ ಆಕಿ ಮೊದಲನೇ ಸಲ ಅತ್ತದ್ದು ಆಗ, ಎಲಿ ಮುಂದ ಕುಂತು.

ರಾಯಚೂರಿಗೆ ಬಂದ ದಿನ ಮೂಲಿ ಟೇಬಲ್ ಹಿಡದ್ಲು. ಮೊದಲ ಬಾಗಲ ಹಾಕೋದು, ಅಂದ್ರ ಹೊಸಬರನ್ನ ಯಾರೂ ಕಳಸದಂಗ ಮಾಡೋದು. ಆಮ್ಯಾಲ ಒಳಗಿದ್ದವರು ಮುಗಿಸೋತನ ಕಾಯೋದು. ಆಮ್ಯಾಲ ತಾಟ ಎತ್ತೋದು. ಬರ್ಯಾಕ ನಾಕೈದು ಸಾಲಂತ, ಆದರ ಅದು ಖರೇನ ನೆಟ್ಟಗಾತೋ ಇಲ್ಲೋ ನೋಡಾಕ ತಂತಿ ಕೀಳೋದು ಹಾಕೋದು ಮುಗೀಲೇ ಇಲ್ಲ. ಆಕಿ ಕೈ ಸೋತ್ರ ಮಲ್ಲಪ್ಪ ಕೀಳ್ತಿದ್ದ, ಅವ ಬಡಸಾಕ ಹೋದ್ರ ಸಾವಿತ್ರಿ, ಆಕಿ ಒಗ್ಗರಣಿಗೆ ಹೋದ್ರ ಹುಸೇನಮ್ಮ. "ನನ್ನ ಕೈ ಗಟ್ಟಿ, ಕಿತ್ತು ಕೈಯಾಗ ಬಂದ್ರ ನನ್ನ ಕೇಳಬ್ಯಾಡ್ರಿ" ಅಂತ ಹುಸೇನಮ್ಮ ತಂತಿಗೂ ಬೈದ್ಲು. ಸಾಲು ಸಾಲು ಗಿರಾಕಿಗಳೂ ಉಂಡು ಹೋಗೋವಾಗ ಒಂದೊಂದ ಸಲ ಕಿತ್ತು ಹೋದ್ರು. ಕಂಪ್ಯೂಟರ್ ಕಲ್ಲಾಗಲೇ ಇಲ್ಲ. ಮಾನ್ವಿ ಗಿರಣ್ಯಾಗೂ ಹಾಕಿ ನೋಡಿದ್ಲು, ಲಾರಿ ಬಂದರೂ ತಂತಿ ಬಿದ್ದರೂ ಕಂಪ್ಯೂಟರ್ ಆರಾಮ ಇತ್ತು.

ಕಳಸೋ ಮುಂದ ಒಂದು ತಕರಾರಾತು. ಮಾಡಿದವರು ಸರ್ ಅಂತಲೇ ಬರೀತೀನಿ, ನನ್ನ ಹೆಸರು ಬ್ಯಾಡ ಅಂತ ಈಕಿ ಹಟ ಹಿಡದ್ಲು. ಆದರ ಅಲ್ಲಿ ಕಾಯ್ದೆ ಹಂಗಿಲ್ಲಂತ. ಕಳಸೋರು ತಾವ ರುಜು ಹಾಕಬೇಕು, ಇಲ್ಲದವರ ಪರವಾಗಿ ಯಾರೂ ಹಾಕಂಗಿಲ್ಲ. ಆದರ ತಪ್ಪು ಕಂಡುಹಿಡದವರ ಹೆಸರಿಗೆ ಬ್ಯಾರೇನ ಒಂದು ಸಾಲು ಅದ. ಭಾಗ್ಯಾ ತನ್ನ ಹೆಸರಿಗಿಂತ ಮ್ಯಾಲಿನ ಸಾಲಿನಾಗ ಅವರ ಹೆಸರು ಬರದ್ಲು. ಆ ಮಂದಿ ಒಮ್ಮೆ ತಿರುಗಿ ಕಳಿಸಿದ್ರು, ಒಂದು ಮಾತು ನೆಟ್ಟಗ ಬರೀರಿ ಅಂತ. ನಾ ಗಾಬರಿ ಆದೆ. ಈಕಿ ನಕ್ಕೊಂತ, "ಬೈದಾರ ಅಂದ್ರ ಓದ್ಯಾರ, ಅಜ್ಜೀ!" ಅಂದ್ಲು. ಇವತ್ತು ಮುಂಜಾನಿ ತೊಗೊಂಡ್ರು. ಇನ್ನ ಆ ಹೆಸರು ಯಾರೂ ಅಳಸಂಗಿಲ್ಲ. ಇರಬೇಕಾದ ಜಾಗಾದಾಗ ಅದು ಕುಂತದ, ಅದಕ್ಕ ಇಲ್ಲಿ ನಾ ಬರಿಯಲಿಲ್ಲ.

ಅಕ್ಕಗ ಫೋನ್ ಮಾಡಿದೆ. ಕರ್ನೆಲ್ ಗಿರ್ನೆಲ್ ಅವರಿಗೆ ಏನು ತಿಳೀತೋ. "ನಮ್ಮ ತಮ್ಮಂದು ಕೆಲಸ ಮುಗೀತೇನವಾ?" ಅಂತಷ್ಟ ಕೇಳಿದ್ರು. "ಮುಗೀತ್ರೀ ಅಕ್ಕಾ" ಅಂದೆ. ಆಮ್ಯಾಲ "ನಾಕರ ಬಸ್ಸಿಗೆ ಬರ್ತೀನಿ. ಚಟ್ನಿಪುಡಿ ತರ್ಲೇನು?" ಅಂದ್ರು.

ಬಂದ್ರು. ಬರಿಯೋದನ್ನ ಅಲ್ಲಿಗೆ ಬಿಟ್ಟು ಎದ್ದಿದ್ದೆ, ಇಷ್ಟು ರಾತ್ರಿ ಕುಂತು ಬರ್ಯಾಕತ್ತೀನಿ. ಸಂಜಿಗೆ ಹೋಳಿಗಿ, ಪುಂಡಿಪಲ್ಯ, ಎಣ್ಣಿಬದನಿಕಾಯಿ. ದಿನಾ ಎಲ್ಲಾರೂ ಉಂಡ ಮ್ಯಾಲ ಒಲಿ ಮುಂದ ಕುಂತು ಉಣ್ಣೋಕಿ ನಾನು. ಇವತ್ತ ಮಲ್ಲಪ್ಪ ನನ್ನ ರಟ್ಟಿ ಹಿಡದು ಪಂಕ್ತ್ಯಾಗ ಕೂಡಿಸಿದ. ಸಾವಿತ್ರಿ, ಹುಸೇನಮ್ಮ, ಅಕ್ಕ ಎಲ್ಲಾರೂ ಕುಂತ್ವಿ. ಭಾಗ್ಯಾ ಮೊದಲ ಹೋಗಿ ಬಾಗಲ ಹಾಕಿ ಬಂದ್ಲು. ಯಾರೋ ಹೊರಗಿಂದ ಬಡದು, "ಊಟ ಅದೇನ್ರೀ?" ಅಂದ್ರು. "ಅದರೀ, ಒಳಗಿದ್ದವರದು ಮುಗೀಲಿ!" ಅಂತ ಕೂಗಿದ್ಲು.

ಹೋಳಿಗಿ ಮುರದು ಬಾಯಾಗ ಇಟ್ಟುಕೊಂಡ ಅಕ್ಕನ್ನ, "ಹೆಂಗದ್ರೀ?" ಅಂದೆ.

"ನಡೀತದ" ಅಂದ್ರು.

ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಹುಸೇನಮ್ಮ ನಗಾಕ ಬಾಯಿ ತಗದಾಕಿ ಸೆರಗು ಅಡ್ಡ ಹಿಡಕೊಂಡ್ಲು.

ಎಲ್ಲಾರದೂ ಉಂಡಾತು. ಅಕ್ಕ ಇದ್ದ ಹಲ್ಲಿನಾಗ ಸಾವಕಾಶ ಉಣ್ಣಾಕತ್ತಿದ್ರು. ರೊಟ್ಟಿ ಸುತ್ತಲಿಂದ ಮುರಕೊಂಡು ಬಂದು, ನಡುವಿನ ತುಣುಕು ಪುಂಡಿಪಲ್ಯಾದಾಗ ನೆನಿಹಾಕಿ ಇಟ್ಟುಕೊಂಡಿದ್ರು. ಹುಸೇನಮ್ಮ ರೂಢಿ ಮ್ಯಾಲ ತಾಟ ಎತ್ತಾಕ ಕೈ ಚಾಚಿದಾಕಿ ತಾನ ಹಿಂದಕ್ಕ ತೊಗೊಂಡ್ಲು. ಬಾಗಲ ಹಾಕಿತ್ತು. ಎಂಜಲ ಕೈ ಒಣಗಿದವು. ಯಾರೂ ಏಳಲಿಲ್ಲ.